ವೃತ್ತಿಪರ ಛಾಯಾಗ್ರಾಹಕರ ಜಾಲತಾಣ: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿದ್ದುಕೊಂಡು ಛಾಯಾಗ್ರಾಹಕರಿಗೆ ಜಾಲತಾಣ ವಿನ್ಯಾಸ ಮಾಡಿಕೊಡುವುದು ನನ್ನ ವೃತ್ತಿ. ಅರಸೀಕೆರೆ, ಬೇಲೂರು, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರಿನ ಕಡೆಗಳಿಂದ ಬರುವ ಸ್ಟುಡಿಯೊದವರು ಕೇಳುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಬಗೆಯವು. ಅವನ್ನು ಕೇಳಿದವರ ಮಾತಿನಲ್ಲಿಯೇ ಇಲ್ಲಿ ಇರಿಸಿದ್ದೇನೆ. ಮೊದಲ ಭಾಗ ಹೊಸದಾಗಿ ತಾಣ ಮಾಡಿಸುವವರಿಗೆ. ಮುಂದಿನವು ಈಗಾಗಲೇ ತಾಣವಿದ್ದು ಅದರಿಂದ ಕೆಲಸ ಬರುತ್ತಿಲ್ಲವೆಂದು ಬೇಸರಗೊಂಡವರಿಗೂ ಉಪಯೋಗಕ್ಕೆ ಬರುತ್ತವೆ.

## ತಾಣ ಕಟ್ಟುವ ಮೊದಲು

ಇನ್‌ಸ್ಟಾಗ್ರಾಂನಿಂದಲೇ ಕೆಲಸ ಬರ್ತಿದೆ. ಮತ್ತೆ ವೆಬ್‌ಸೈಟ್ ಯಾಕೆ ಬೇಕು?

ಕೆಲಸ ಬರುತ್ತಿದ್ದರೆ ಇನ್‌ಸ್ಟಾಗ್ರಾಂ ಬಿಡಬೇಕಾಗಿಲ್ಲ. ಆದರೆ ಅಲ್ಲಿ ನಿಮ್ಮ ಚಿತ್ರ ಯಾರ ಕಣ್ಣಿಗೆ, ಯಾವಾಗ ಬೀಳಬೇಕು ಎಂಬುದು ನಿಮ್ಮ ಕೈಯಲ್ಲಿಲ್ಲ. ಮೂರು ವರ್ಷದ ಹಿಂದೆ ತೆಗೆದ ನಿಮ್ಮ ಅತ್ಯುತ್ತಮ ಚಿತ್ರ ಈ ವಾರದ ರೀಲುಗಳ ಅಡಿಯಲ್ಲಿ ಹೂತುಹೋಗಿರುತ್ತದೆ. ಖಾತೆ ಕಳುವಾದರೆ ವರ್ಷಗಳಿಂದ ಕಟ್ಟಿಕೊಂಡ ಗುರುತು ಒಂದೇ ರಾತ್ರಿಯಲ್ಲಿ ಇಲ್ಲವಾಗುತ್ತದೆ. ಇದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಹಣ ಕೊಡುವ ತೀರ್ಮಾನ ಮಾಡುವ ಹುಡುಗಿಯ ತಂದೆ, ಎಸ್ಟೇಟ್ ಮಾಲೀಕರು, ರೆಸಾರ್ಟಿನ ವ್ಯವಸ್ಥಾಪಕರು ಎಲ್ಲರೂ ಇನ್‌ಸ್ಟಾಗ್ರಾಂನಲ್ಲಿ ಇರುವುದಿಲ್ಲ. ಮಗಳು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಕೊಂಡಿಯನ್ನು ಒತ್ತಿದರೆ, ಲಾಗಿನ್ ಕೇಳದೆ, ಜಾಹೀರಾತು ತೋರಿಸದೆ, ನಿಮ್ಮ ಕೆಲಸವಷ್ಟೇ ಅವರ ಮುಂದೆ ತೆರೆದುಕೊಳ್ಳಬೇಕು. ಆ ಒಂದು ನಿಮಿಷಕ್ಕಾಗಿಯೇ ತಾಣ ಬೇಕಾಗುವುದು.

ಒಟ್ಟು ಎಷ್ಟು ಫೋಟೊ ಹಾಕಬೇಕು? ನನ್ನ ಹತ್ತಿರ ಸಾವಿರಾರು ಇದಾವೆ.

ಇಡೀ ತಾಣಕ್ಕೆ ಮೂವತ್ತರಿಂದ ನಲವತ್ತು ಚಿತ್ರಗಳು ಸಾಕು. ಈ ಮಾತನ್ನು ಯಾರೂ ಮೊದಲ ಸಲಕ್ಕೆ ಒಪ್ಪಿದ್ದಿಲ್ಲ.

ಹಾಸನದ ಒಬ್ಬ ಸ್ಟುಡಿಯೊ ಮಾಲೀಕರು 640 ಚಿತ್ರಗಳಿದ್ದ ಪೆನ್‌ಡ್ರೈವ್ ತಂದುಕೊಟ್ಟು, ಇದರಲ್ಲಿ ಒಂದನ್ನೂ ಬಿಡುವಂತಿಲ್ಲ ಎಂದಿದ್ದರು. ಅಷ್ಟನ್ನೂ ನಾಲ್ಕು-ಆರು ಅಳತೆಯಲ್ಲಿ ಪ್ರಿಂಟ್ ಹಾಕಿಸಿ ಅವರ ಸ್ಟುಡಿಯೊದ ನೆಲದ ಮೇಲೆ ಹರಡಿಕೊಂಡು ಮೂರು ಸಂಜೆ ಕುಳಿತೆವು. ಒಂದೇ ಬಗೆಯ ನಿಲುವಿನ ಎರಡು ಚಿತ್ರಗಳಿದ್ದರೆ ಒಂದನ್ನು ಮಗುಚಿಡುವುದು, ಚಿತ್ರದೊಳಗಿನವರ ಪರಿಚಯವಿದೆ ಎಂಬ ಕಾರಣಕ್ಕಷ್ಟೇ ಇಷ್ಟವಾದುದನ್ನು ಮಗುಚಿಡುವುದು, ಅಲಂಕಾರದವರ ಕೆಲಸ ಚೆನ್ನಾಗಿದ್ದು ಛಾಯಾಗ್ರಾಹಕರ ಕೆಲಸ ಕಾಣದಿದ್ದರೆ ಅದನ್ನೂ ಮಗುಚಿಡುವುದು, ಹೀಗೆ ಮಾಡುತ್ತ ಹೋದಾಗ 34 ಉಳಿದವು. ಉಳಿದವುಗಳಲ್ಲಿ ಒಂದು, ಧಾರೆಗೆ ಸ್ವಲ್ಪ ಮುಂಚೆ ಮಂಟಪದ ಕಂಬದ ಹಿಂದೆ ನಿಂತ ವಧುವಿನ ತಾಯಿಯದು: ಎಡಗೈಯಲ್ಲಿ ಅಕ್ಷತೆಯ ಬಟ್ಟಲು, ಬಲಗೈಯ ಹೆಬ್ಬೆರಳು ಕಣ್ಣಂಚಿನಲ್ಲಿ, ತೋಳಿನ ಮೇಲೆ ಇನ್ನೂ ಗಂಟು ಬಿಚ್ಚದ ಮಲ್ಲಿಗೆಯ ದಂಡೆ. ಪಾರ್ಟಿಯವರು ಅದನ್ನು ಆಲ್ಬಮ್ಮಿಗೆ ಆರಿಸಿರಲಿಲ್ಲವಾದ್ದರಿಂದ ಮಾಲೀಕರಿಗೂ ಅದು ಮರೆತುಹೋಗಿತ್ತು. ಅದೇ ಈಗ ಅವರ ತಾಣದ ಮೊದಲ ಚಿತ್ರ.

ನೋಡುವವರು ನಿಮ್ಮ ಅತ್ಯುತ್ತಮ ಚಿತ್ರದಷ್ಟೇ ನಿಮ್ಮ ಅತ್ಯಂತ ಸಾಧಾರಣ ಚಿತ್ರವನ್ನೂ ನೋಡುತ್ತಾರೆ. ತಮ್ಮ ಮನೆಯ ಮದುವೆಗೆ ಎರಡನೆಯದೇ ಸಿಕ್ಕರೆ ಏನು ಗತಿ ಎಂದು ಯೋಚಿಸುತ್ತಾರೆ. ಆದ್ದರಿಂದ ನಲವತ್ತೊಂದನೆಯ ಚಿತ್ರ ಮೊದಲ ನಲವತ್ತಕ್ಕೆ ಸರಿಸಮನಾಗಿಲ್ಲದಿದ್ದರೆ ಅದು ಉಳಿದವುಗಳ ಬೆಲೆಯನ್ನೂ ತಗ್ಗಿಸುತ್ತದೆ.

ಮದುವೆನೂ ಮಾಡ್ತೀನಿ, ಹೋಂಸ್ಟೇ ಫೋಟೊನೂ ತೆಗಿತೀನಿ, ಹಕ್ಕಿನೂ ತೆಗಿತೀನಿ. ಎಲ್ಲಾ ಒಂದೇ ಸೈಟಲ್ಲಿ ಇರಬಹುದಾ?

ಇರಬಹುದು, ಆದರೆ ಬೆರೆಸಬಾರದು. ಮುಖಪುಟದಲ್ಲಿ ಯಾವ ಕೆಲಸಕ್ಕೆ ನಿಮಗೆ ಕರೆ ಬರಬೇಕೋ ಆ ಕೆಲಸ ಮಾತ್ರ ಮುಂದೆ ನಿಲ್ಲಲಿ. ಬೇರೆ ಬಗೆಯ ಕೆಲಸಕ್ಕೆ ಬೇರೆ ಪುಟ, ಆ ಪುಟಕ್ಕೆ ಅದರದೇ ವಿಳಾಸ ಇರಲಿ. ಹೋಂಸ್ಟೇ ಮಾಲೀಕರು ಕೇಳಿದರೆ ಆ ಪುಟದ ಕೊಂಡಿಯನ್ನೇ ನೇರವಾಗಿ ಕಳಿಸಬಹುದು. ಅವರು ಅರಿಶಿನ ಶಾಸ್ತ್ರದ ಚಿತ್ರಗಳನ್ನು ದಾಟಿಕೊಂಡು ಹೋಗಬೇಕಾಗುವುದಿಲ್ಲ. ಹಕ್ಕಿಗಳ ಚಿತ್ರಗಳು ನಿಮ್ಮ ಆಸಕ್ತಿಯಾಗಿದ್ದು ಅವುಗಳಿಂದ ಆದಾಯವಿಲ್ಲದಿದ್ದರೆ, ಅವಕ್ಕೆ ಪರಿಚಯದ ಪುಟದಲ್ಲಿ ಎರಡು ಮೂರರಷ್ಟು ಜಾಗ ಕೊಟ್ಟರೆ ಸಾಕು.

ಬೇಲೂರು, ಹಳೇಬೀಡು, ಮುಳ್ಳಯ್ಯನಗಿರಿ ಫೋಟೊ ಮೊದಲೇ ಹಾಕಿದರೆ ಸೈಟ್ ರಿಚ್ ಆಗಿ ಕಾಣಲ್ವಾ?

ಕಾಣುತ್ತದೆ, ಆದರೆ ನಿಮ್ಮದಾಗಿ ಕಾಣುವುದಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕ್ಯಾಮೆರಾ ಹಿಡಿದ ಪ್ರತಿಯೊಬ್ಬರೂ ತೆಗೆದಿದ್ದಾರೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲಂತೂ ಆ ಚಿತ್ರಗಳಿಗೆ ಲೆಕ್ಕವಿಲ್ಲ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರಿನಲ್ಲಿ ಅರೆಮುಳುಗಿ ನಿಲ್ಲುವ ಶೆಟ್ಟಿಹಳ್ಳಿಯ ಚರ್ಚಿನದೂ ಅದೇ ಕತೆ. ಪ್ರಸಿದ್ಧ ಸ್ಥಳವನ್ನು ಹಾಕಲೇಬೇಕೆಂದರೆ ಅಲ್ಲಿ ನಿಮಗೆ ಮಾತ್ರ ಸಿಕ್ಕದ್ದನ್ನು ಹಾಕಿ. ಹೂಮಳೆ ಬಿದ್ದ ವಾರದ ಬಳಿಕ ಕೆಲವೇ ದಿನ ನಿಲ್ಲುವ ಕಾಫಿ ಹೂವಿನ ನಡುವೆ ನೀವು ತೆಗೆದ ಒಂದು ಕುಟುಂಬದ ಚಿತ್ರಕ್ಕೆ, ಶಿಖರದ ಮೇಲಿನ ಹತ್ತು ಸೂರ್ಯೋದಯಗಳಿಗಿಂತ ಹೆಚ್ಚು ಕರೆಗಳನ್ನು ತರುವ ಶಕ್ತಿಯಿದೆ ಎಂಬುದು ನನ್ನ ಅನುಭವ.

ಡೊಮೇನ್ ಹೆಸರು ಏನಿಡಬೇಕು? ಕನ್ನಡದಲ್ಲೇ ಸಿಗುತ್ತಂತೆ, ಹೌದಾ?

ಡೊಮೇನ್ ಎಂದರೆ ತಾಣದ ವಿಳಾಸ. ಫೋನಿನಲ್ಲಿ ಒಮ್ಮೆ ಹೇಳಿದರೆ ಕೇಳಿದವರು ತಪ್ಪಿಲ್ಲದೆ ಬರೆದುಕೊಳ್ಳುವಂತಹ ಹೆಸರಿಡಿ. ಡಾಟ್ ಕಾಂ ಇಲ್ಲವೇ ಡಾಟ್ ಇನ್ ಎರಡೂ ಸರಿಯೇ. ಡಾಟ್ ಭಾರತ ಎಂದು ಕೊನೆಗೊಳ್ಳುವ ಪೂರ್ಣ ಕನ್ನಡ ಲಿಪಿಯ ಹೆಸರುಗಳು ಸಿಗುವುದು ನಿಜ. ಆದರೆ ಕನ್ನಡ ಕೀಲಿಮಣೆ ಇಲ್ಲದವರಿಗೆ ಅದನ್ನು ಒತ್ತಲಾಗುವುದಿಲ್ಲವಾದ್ದರಿಂದ, ಅದನ್ನು ಎರಡನೆಯ ಹೆಸರಾಗಿಟ್ಟು ಮುಖ್ಯ ತಾಣಕ್ಕೆ ತಿರುಗಿಸುವುದು ಒಳ್ಳೆಯದು.

ಹೆಸರಿಗಿಂತ ದೊಡ್ಡ ಪ್ರಶ್ನೆ, ಅದು ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂಬುದು. ನನ್ನ ಬಳಿಗೆ ಬಂದ ಚಿಕ್ಕಮಗಳೂರು ಕಡೆಯ ಒಬ್ಬರ ತಾಣವನ್ನು ಮೊದಲು ಮಾಡಿಕೊಟ್ಟವರು ಡೊಮೇನನ್ನು ತಮ್ಮ ಮಿಂಚಂಚೆಯಲ್ಲಿಯೇ ನೋಂದಾಯಿಸಿ, ಮುಂದೆ ಬೇರೆ ಉದ್ಯೋಗಕ್ಕೆ ಹೋಗಿಬಿಟ್ಟಿದ್ದರು. ನವೀಕರಣದ ಸೂಚನೆ ಅವರಿಗೆ ಹೋಯಿತು, ಅವರು ನೋಡಲಿಲ್ಲ, ಹೆಸರು ಬೇರೆಯವರ ಪಾಲಾಯಿತು. ಆ ವಿಳಾಸ ನೂರಾರು ಆಲ್ಬಮ್ಮುಗಳ ಹಿಂಬದಿಯಲ್ಲಿ ಅಚ್ಚಾಗಿತ್ತು. ಡೊಮೇನ್ ನಿಮ್ಮ ಹೆಸರಿನಲ್ಲಿ, ನಿಮ್ಮ ಮಿಂಚಂಚೆಯಲ್ಲಿ, ನಿಮ್ಮ ಫೋನ್ ಸಂಖ್ಯೆಯಲ್ಲಿ ಇರಲೇಬೇಕು. ವಿನ್ಯಾಸಕಾರರು ಎಷ್ಟೇ ಹತ್ತಿರದವರಾಗಿದ್ದರೂ ಸರಿ, ನಾನಾಗಿದ್ದರೂ ಸರಿ.

ರೆಡಿಮೇಡ್ ಟೆಂಪ್ಲೇಟ್ ಸಾಕಾ, ಹೊಸದಾಗಿ ಮಾಡಿಸಬೇಕಾ?

ಮೊದಲ ತಾಣಕ್ಕೆ ಸಿದ್ಧ ವಿನ್ಯಾಸ ಸಾಕು. ಆರಿಸುವಾಗ ಮಾದರಿಯಲ್ಲಿ ಇರುವ ಸುಂದರ ಚಿತ್ರಗಳಿಗೆ ಮನಸೋಲದೆ, ಅಲ್ಲಿ ನಿಮ್ಮ ಹತ್ತು ಚಿತ್ರಗಳನ್ನು ಹಾಕಿ ನೋಡಿದ ಮೇಲೆ ತೀರ್ಮಾನಿಸಿ. ಉದ್ದನೆಯ ಚಿತ್ರಗಳನ್ನು ಚೌಕಕ್ಕೆ ಕತ್ತರಿಸಿ ತಲೆಯನ್ನೇ ಹಾರಿಸುವ ವಿನ್ಯಾಸಗಳು ಬಹಳ ಇವೆ.

## ನೋಟ ಮತ್ತು ಬರಹ

ಹಿನ್ನೆಲೆ ಕಪ್ಪು ಇರಬೇಕಾ, ಬಿಳಿ ಇರಬೇಕಾ?

ಒಂದೇ ಚಿತ್ರ ಕಪ್ಪಿನ ಮೇಲೆ ಹೆಚ್ಚು ಬೆಳಕಾಗಿಯೂ ಬಿಳಿಯ ಮೇಲೆ ಹೆಚ್ಚು ಗಾಢವಾಗಿಯೂ ಕಾಣುತ್ತದೆ; ಇದು ಪರದೆಯ ದೋಷವಲ್ಲ, ನಮ್ಮ ಕಣ್ಣು ಕೆಲಸ ಮಾಡುವ ರೀತಿ. ಆದ್ದರಿಂದ ಹಿನ್ನೆಲೆಯನ್ನು ನಿಮ್ಮ ಚಿತ್ರಗಳೇ ತೀರ್ಮಾನಿಸಬೇಕು. ಚಾರ್ಮಾಡಿ, ಬಿಸಿಲೆಯ ಮಂಜಿನ ಚಿತ್ರಗಳನ್ನು ಶುದ್ಧ ಬಿಳಿಯ ಮೇಲಿಟ್ಟರೆ ಚಿತ್ರದ ಅಂಚೇ ಕರಗಿಹೋಗಿ ಎಲ್ಲಿ ಮುಗಿಯಿತೆಂದು ತಿಳಿಯುವುದಿಲ್ಲ. ಹಳೇಬೀಡಿನ ಕಪ್ಪುಛಾಯೆಯ ಬಳಪದ ಕಲ್ಲಿನ ಚಿತ್ರಗಳನ್ನು ಶುದ್ಧ ಕಪ್ಪಿನ ಮೇಲಿಟ್ಟರೆ ನೆರಳಿನಲ್ಲಿ ಅಡಗಿದ ಕೆತ್ತನೆಯ ವಿವರವೆಲ್ಲ ಹಿನ್ನೆಲೆಯೊಳಗೆ ಸೇರಿಹೋಗುತ್ತದೆ. ಎರಡು ಬಗೆಯ ಚಿತ್ರಗಳೂ ಇರುವವರಿಗೆ ನಾನು ಸಾಮಾನ್ಯವಾಗಿ ತುಸು ಬೂದು ಬೆರೆತ ಬಿಳಿಯನ್ನೋ ಇದ್ದಿಲಿನಂತಹ ಗಾಢ ಬೂದನ್ನೋ ಆರಿಸುತ್ತೇನೆ. ಕೆನೆ, ಹಳದಿ, ತಿಳಿಗುಲಾಬಿಯಂತಹ ಬಣ್ಣದ ಹಿನ್ನೆಲೆಗಳು ಮೈಬಣ್ಣವನ್ನು ಕೆಡಿಸುತ್ತವೆ. ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಬೆಳಕಿನ ಅನುಪಾತ ಕನಿಷ್ಠ 4.5ಕ್ಕೆ 1ರಷ್ಟು ಇರಬೇಕೆಂಬುದು ಜಾಲತಾಣಗಳ ಸುಗಮತೆಗೆ ಒಪ್ಪಿತವಾದ ಮಾನದಂಡ. ಬೂದಿನ ಮೇಲೆ ಬೂದು ಅಕ್ಷರ ಬರೆದು ಸೊಗಸೆಂದುಕೊಳ್ಳುವವರು ಇದನ್ನು ಮರೆಯುತ್ತಾರೆ.

ಆಲ್ಬಂ ಶೀಟ್‌ಗಳನ್ನೇ ಹಾಕಿಬಿಡಬಹುದಾ? ಡಿಸೈನ್ ಚೆನ್ನಾಗಿದೆ.

ದಯವಿಟ್ಟು ಬೇಡ. ನಮ್ಮ ಕಡೆಯ ಮದುವೆ ಆಲ್ಬಮ್ಮಿನ ಹಾಳೆ ತೆರೆದಾಗ ಸಾಮಾನ್ಯವಾಗಿ 36 ಅಂಗುಲ ಅಗಲ, 12 ಅಂಗುಲ ಎತ್ತರ. ಸುಮಾರು 7 ಸೆಂಟಿಮೀಟರ್ ಅಗಲದ ಫೋನಿನಲ್ಲಿ ಅದು ಎರಡೂಕಾಲು ಸೆಂಟಿಮೀಟರ್ ಎತ್ತರದ ಪಟ್ಟಿಯಾಗುತ್ತದೆ. ಅದರೊಳಗೆ ಜೋಡಿಸಿದ ಆರು ಚಿತ್ರಗಳಲ್ಲಿ ವಧುವಿನ ಮುಖ ಅಕ್ಕಿಕಾಳಿನಷ್ಟಿರುತ್ತದೆ. ಹಾಳೆಯ ವಿನ್ಯಾಸ ಮೇಜಿನ ಮೇಲೆ ಹರಡಿಕೊಂಡು ಮನೆಮಂದಿಯೆಲ್ಲ ಬಾಗಿ ನೋಡುವುದಕ್ಕಾಗಿ ಹುಟ್ಟಿದ್ದು. ಅದರೊಳಗಿನ ಒಂದೊಂದೇ ಚಿತ್ರವನ್ನು ಹೊರತೆಗೆದು ಹಾಕಿ. ಆಲ್ಬಮ್ ವಿನ್ಯಾಸವೂ ನೀವು ಮಾರುವ ಸೇವೆಯಾಗಿದ್ದರೆ, ಆಲ್ಬಮ್ ಯಾರದೋ ಮಡಿಲಲ್ಲಿ ತೆರೆದಿರುವ ಒಂದು ಚಿತ್ರವನ್ನು ತೆಗೆದು ಹಾಕಿದರೆ ಅದರ ಗಾತ್ರವೂ ಕಾಗದದ ಗುಣವೂ ಒಟ್ಟಿಗೆ ತಿಳಿಯುತ್ತವೆ.

ಮುಖಪುಟದಲ್ಲಿ ಸ್ಲೈಡ್‌ಶೋ ಮತ್ತು ಹಾಡು ಹಾಕ್ತೀರಾ?

ಹಾಡು ಹಾಕುವುದಿಲ್ಲ, ಕಚೇರಿಯಲ್ಲೋ ಬಸ್ಸಿನಲ್ಲೋ ತಾಣ ತೆರೆದವರು ಗಾಬರಿಯಾಗಿ ಮೊದಲು ಮುಚ್ಚುವುದೇ ಅದನ್ನು. ತಾನಾಗಿ ಓಡುವ ಸ್ಲೈಡ್‌ಶೋ ಕೂಡ ಬೇಡ. ಒಂದು ಚಿತ್ರವನ್ನು ಎಷ್ಟು ಹೊತ್ತು ನೋಡಬೇಕೆಂಬುದನ್ನು ನೋಡುವವರಿಗೇ ಬಿಡಿ.

ಸೈಟ್ ಕನ್ನಡದಲ್ಲಿರಬೇಕಾ, ಇಂಗ್ಲಿಷಲ್ಲಿರಬೇಕಾ? ಕನ್ನಡ ಹಾಕಿದರೆ ಅಕ್ಷರ ಒಡೆದು ಬರ್ತವೆ.

ಮದುವೆ, ನಾಮಕರಣ, ಗೃಹಪ್ರವೇಶದ ಕೆಲಸ ಮಾಡುವವರಿಗೆ ಕನ್ನಡ ಮೊದಲು. ರೆಸಾರ್ಟು, ಎಸ್ಟೇಟುಗಳ ಕೆಲಸ ಹುಡುಕುವವರಿಗೆ ಎರಡೂ ಬೇಕು. ಎರಡು ಭಾಷೆಯಿದ್ದರೆ ಒಂದೇ ಪುಟದಲ್ಲಿ ಬೆರೆಸದೆ ಪ್ರತ್ಯೇಕ ಪುಟಗಳಲ್ಲಿ ಇಡುವುದು ಓದುವವರಿಗೂ ಹುಡುಕುಯಂತ್ರಕ್ಕೂ ಅನುಕೂಲ.

ಅಕ್ಷರ ಒಡೆಯುವುದಕ್ಕೆ ಕಾರಣ ಬಹುತೇಕ ಒಂದೇ. ಲಗ್ನಪತ್ರಿಕೆ ಅಚ್ಚು ಹಾಕುವ ಡಿಟಿಪಿ ಕೇಂದ್ರದಲ್ಲಿ ಯೂನಿಕೋಡ್ (ಎಲ್ಲ ಯಂತ್ರಗಳಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಹೊಡೆಸಿದ ಬರಹವನ್ನು ಹಾಗೆಯೇ ತಂದು ಅಂಟಿಸಿರುತ್ತಾರೆ; ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಬರಹ ಯೂನಿಕೋಡಿನಲ್ಲಿರಲಿ. ಫಾಂಟಿಗೆ ನೋಟೊ ಸೆರಿಫ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡ, ತಿರೊ ಕನ್ನಡ, ಅನೇಕ್ ಕನ್ನಡ, ‘ಬಾಲೂ ತಮ್ಮ’, ಇವೆಲ್ಲ ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ಸಿಗುತ್ತವೆ. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗಿಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಅಕ್ಷರದ ಗಾತ್ರದ 1.7ರಷ್ಟು ಅಂತರ ಕೊಟ್ಟು ನೋಡಿ, ‘ಸ್ತ್ರೀ’, ‘ರಾಷ್ಟ್ರ’ದಂತಹ ಪದಗಳ ಬಾಲ ಕೆಳಸಾಲಿನ ತಲೆಕಟ್ಟಿಗೆ ತಾಗದಿರುವುದನ್ನು ಖಚಿತಪಡಿಸಿಕೊಳ್ಳಿ. ಇಂಗ್ಲಿಷ್ ಶೀರ್ಷಿಕೆಗಳಿಗೆ ಮಾಡುವಂತೆ ಅಕ್ಷರಗಳ ನಡುವೆ ದೂರ ಬಿಡುವುದು, ಯಂತ್ರದಿಂದ ಓರೆ ಮಾಡಿಸುವುದು ಕನ್ನಡದ ದುಂಡನ್ನು ಕೆಡಿಸುತ್ತವೆ.

‘ನನ್ನ ಬಗ್ಗೆ’ ಪುಟದಲ್ಲಿ ಏನು ಬರೆಯೋದು? ಬರೆಯೋಕೆ ಏನೂ ಹೊಳೆಯಲ್ಲ.

ಎಲ್ಲಿಯವರು, ಎಷ್ಟು ವರ್ಷದಿಂದ ಯಾವ ಕೆಲಸ ಮಾಡುತ್ತಿದ್ದೀರಿ, ಎಷ್ಟು ದೂರದವರೆಗೆ ಹೋಗುತ್ತೀರಿ, ಮದುವೆಗೆ ಎಷ್ಟು ಜನ ಬರುತ್ತೀರಿ, ಆಲ್ಬಮ್ ಎಷ್ಟು ದಿನಕ್ಕೆ ಕೊಡುತ್ತೀರಿ: ಈ ಐದಕ್ಕೆ ಉತ್ತರ ಬರೆದರೆ ಪುಟ ತುಂಬುತ್ತದೆ. ಜತೆಗೆ ಕ್ಯಾಮೆರಾ ಕೆಳಗಿಟ್ಟು ನೇರ ನೋಡುತ್ತಿರುವ ನಿಮ್ಮದೊಂದು ಚಿತ್ರವಿರಲಿ. ಮನೆಯೊಳಗೆ ಕರೆದುಕೊಳ್ಳುವವರಿಗೆ ನಿಮ್ಮ ಮುಖ ಕಾಣಬೇಕು. ಕ್ಯಾಮೆರಾ, ಲೆನ್ಸುಗಳ ಪಟ್ಟಿ ಇತರ ಛಾಯಾಗ್ರಾಹಕರಿಗೆ ಹೊರತು ಬೇರೆ ಯಾರಿಗೂ ಬೇಡ.

ರೇಟ್ ಹಾಕಬೇಕಾ?

ಪೂರ್ಣ ದರಪಟ್ಟಿ ಬೇಡವೆನಿಸಿದರೂ ‘ಇಷ್ಟರಿಂದ ಆರಂಭ’ ಎಂಬ ಒಂದು ಸಾಲು ಹಾಕಿ, ಅದರಲ್ಲಿ ಏನೇನು ಸೇರಿದೆ ಎಂದೂ ಬರೆಯಿರಿ. ದರವೇ ಕಾಣದ ತಾಣವನ್ನು ನೋಡಿದ ಸಂಕೋಚದ ಮಧ್ಯಮ ವರ್ಗದವರು ದುಬಾರಿಯೆಂದು ತಾವೇ ಊಹಿಸಿಕೊಂಡು ಕರೆ ಮಾಡದೆ ಹೋಗುತ್ತಾರೆ.

ಫಾರ್ಮ್ ಇಟ್ಟರೆ ಸಾಕಾ, ಫೋನ್ ನಂಬರೂ ಹಾಕಬೇಕಾ?

ಫೋನ್ ಸಂಖ್ಯೆ ಪ್ರತಿ ಪುಟದಲ್ಲಿ, ಒತ್ತಿದರೆ ಕರೆ ಹೋಗುವಂತೆ ಇರಬೇಕು. ಪಕ್ಕದಲ್ಲಿ ವಾಟ್ಸ್‌ಆ್ಯಪ್ ಗುಂಡಿ ಇರಲಿ. ಸಂಖ್ಯೆಯನ್ನು ಚಿತ್ರದೊಳಗೆ ಬರೆದು ಹಾಕಿದರೆ ಒತ್ತಲು ಬರುವುದಿಲ್ಲ. ಫಾರ್ಮ್ ಇಡುವುದಾದರೆ ಹೆಸರು, ಫೋನ್, ದಿನಾಂಕ, ಊರು ಎಂಬ ನಾಲ್ಕೇ ಖಾನೆ ಸಾಕು. ನಾನು ಮಾಡಿಕೊಟ್ಟ ಒಂದು ತಾಣದಲ್ಲಿ ಫಾರ್ಮಿನಿಂದ ಹೋದ ಸಂದೇಶಗಳು ಎರಡು ತಿಂಗಳ ಕಾಲ ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿದ್ದವು; ಅಷ್ಟರಲ್ಲಿ ಆ ಛಾಯಾಗ್ರಾಹಕರ ಕೈಯಿಂದ ಒಂದು ಮದುವೆಯ ಕೆಲಸ ತಪ್ಪಿಹೋಗಿತ್ತು. ತಪ್ಪು ನನ್ನದು. ಅಂದಿನಿಂದ ಪ್ರತಿ ತಿಂಗಳ ಮೊದಲ ವಾರ ಎಲ್ಲ ತಾಣಗಳ ಫಾರ್ಮುಗಳನ್ನೂ ನಾನೇ ಒಮ್ಮೆ ತುಂಬಿ, ತಲುಪಿತೇ ಎಂದು ಕೇಳುತ್ತೇನೆ.

## ಚಿತ್ರದ ಕಡತ, ವೇಗ, ಹುಡುಕಾಟ

ಫೋಟೊ ಯಾವ ಸೈಜಲ್ಲಿ ಕೊಡಬೇಕು? 300 ಡಿಪಿಐ ಇಡಲಾ, 72 ಇಡಲಾ?

ಡಿಪಿಐ ಎಷ್ಟಿಟ್ಟರೂ ತಾಣದಲ್ಲಿ ವ್ಯತ್ಯಾಸವಾಗುವುದಿಲ್ಲ. ಒಂದು ಅಂಗುಲ ಕಾಗದದ ಮೇಲೆ ಎಷ್ಟು ಚುಕ್ಕಿ ಹಾಕಬೇಕೆಂದು ಪ್ರಿಂಟರಿಗೆ ಹೇಳುವ ಸಂಖ್ಯೆ ಅದು. ಬ್ರೌಸರ್ ಅದನ್ನು ನೋಡುವುದೇ ಇಲ್ಲ. ನೋಡುವುದು ಪಿಕ್ಸೆಲ್ಲುಗಳನ್ನು ಮಾತ್ರ.

24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 ಪಿಕ್ಸೆಲ್ ಅಗಲ, 4000 ಎತ್ತರ. ಅದರ ಉದ್ದದ ಬದಿಯನ್ನು 2048ಕ್ಕೆ ಇಳಿಸಿದರೆ ಪಿಕ್ಸೆಲ್ಲುಗಳ ಸಂಖ್ಯೆ ಒಂಬತ್ತರಲ್ಲಿ ಒಂದು ಭಾಗಕ್ಕಿಂತ ಸ್ವಲ್ಪವಷ್ಟೇ ಹೆಚ್ಚು ಉಳಿಯುತ್ತದೆ. ಹಾಗಿದ್ದೂ ಸಾಮಾನ್ಯ ಲ್ಯಾಪ್‌ಟಾಪಿನ ಪೂರ್ಣ ಪರದೆಗೆ ಅದು ಸಾಕು. ಫೋನಿಗೆ ಇನ್ನೂ ಕಡಿಮೆ ಸಾಕು. ಆದ್ದರಿಂದ ಒಂದೇ ಚಿತ್ರವನ್ನು 600, 1200, 2048 ಎಂಬ ಮೂರು ಅಗಲಗಳಲ್ಲಿ ಇಟ್ಟು, ಯಾವ ಪರದೆಗೆ ಯಾವುದು ಬೇಕೆಂದು ಬ್ರೌಸರೇ ಆರಿಸಿಕೊಳ್ಳುವಂತೆ ಸೋರ್ಸ್‌ಸೆಟ್ ವ್ಯವಸ್ಥೆ ಮಾಡುತ್ತೇವೆ. ಜೆಪೆಗ್ ಗುಣಮಟ್ಟ 75ರಿಂದ 80ರ ನಡುವೆ ಇರಲಿ. 2010ರಲ್ಲಿ ಗೂಗಲ್ ಪ್ರಕಟಿಸಿದ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಅದೇ ಗುಣಮಟ್ಟಕ್ಕೆ ಕಡತ ಸುಮಾರು ಕಾಲುಭಾಗ ಚಿಕ್ಕದಾಗುತ್ತದೆ; ಇಂದಿನ ಎಲ್ಲ ಮುಖ್ಯ ಬ್ರೌಸರುಗಳೂ ಅದನ್ನು ತೆರೆಯುತ್ತವೆ. ನೀವು ನನಗೆ ಕೊಡಬೇಕಾದದ್ದು ಮಾತ್ರ ಪೂರ್ಣ ಗಾತ್ರದ ಮೂಲ ಚಿತ್ರವನ್ನೇ. ವಾಟ್ಸ್‌ಆ್ಯಪ್‌ನಲ್ಲಿ ಸಾಮಾನ್ಯ ಫೋಟೊವಾಗಿ ಕಳಿಸಿದ್ದು ದಾರಿಯಲ್ಲೇ ಹಿಂಡಿಹೋಗಿ ತಲುಪುತ್ತದೆ.

ಲ್ಯಾಬ್‌ನಲ್ಲಿ ಪ್ರಿಂಟ್ ಚೆನ್ನಾಗಿ ಬರುತ್ತೆ, ಸೈಟಲ್ಲಿ ಅದೇ ಫೋಟೊ ಸಪ್ಪೆಯಾಗಿ ಕಾಣುತ್ತೆ. ಯಾಕೆ?

ಚಿತ್ರ ಅಡೋಬಿ ಆರ್‌ಜಿಬಿ ಬಣ್ಣದ ವ್ಯಾಪ್ತಿಯಲ್ಲಿದ್ದು, ಉಳಿಸುವಾಗ ಅದರ ಪ್ರೊಫೈಲ್, ಅಂದರೆ ಅದು ಯಾವ ವ್ಯಾಪ್ತಿಯದೆಂದು ತಿಳಿಸುವ ಗುರುತು, ಕಳಚಿಹೋಗಿರುತ್ತದೆ. ಪ್ರೊಫೈಲ್ ಇಲ್ಲದ ಚಿತ್ರವನ್ನು ಬ್ರೌಸರ್ ಅದಕ್ಕಿಂತ ಕಿರಿದಾದ ಎಸ್‌ಆರ್‌ಜಿಬಿ ವ್ಯಾಪ್ತಿಯದೆಂದೇ ಭಾವಿಸುತ್ತದೆ. ಹೆಚ್ಚು ವಿಶಾಲವಾದ ವ್ಯಾಪ್ತಿಗಾಗಿ ಬರೆದ ಸಂಖ್ಯೆಗಳನ್ನು ಕಿರಿದಾದ ವ್ಯಾಪ್ತಿಯಲ್ಲಿ ಓದಿದಾಗ ಧಾರೆಸೀರೆಯ ಕೆಂಪು ಮಾಸುತ್ತದೆ, ಕಾಫಿ ಎಲೆಯ ಹಸಿರು ಒಣಗಿದಂತಾಗುತ್ತದೆ. ತಾಣಕ್ಕೆ ಹೋಗುವ ಪ್ರತಿಯನ್ನು ಎಸ್‌ಆರ್‌ಜಿಬಿಗೆ ‘ಪರಿವರ್ತಿಸಿ’, ಪ್ರೊಫೈಲ್ ಸೇರಿಸಿ ಉಳಿಸಿ. ಫೋಟೊಶಾಪಿನಲ್ಲಿ ಪ್ರೊಫೈಲ್ ‘ನಿಯೋಜಿಸುವುದು’ ಬೇರೆ, ‘ಪರಿವರ್ತಿಸುವುದು’ ಬೇರೆ. ಮೊದಲನೆಯದು ಸಂಖ್ಯೆಗಳನ್ನು ಹಾಗೆಯೇ ಬಿಟ್ಟು ಹೆಸರನ್ನಷ್ಟೇ ಬದಲಿಸುವುದರಿಂದ ಬಣ್ಣ ಕೆಡುತ್ತದೆ.

ಹಾಸನದಲ್ಲಿ ಬೇಗ ಓಪನ್ ಆಗುತ್ತೆ, ಎಸ್ಟೇಟ್‌ನವರು ತೆರೆದರೆ ಸುತ್ತುತ್ತಾನೇ ಇರುತ್ತೆ ಅಂತಾರೆ.

ಅವರು ಹೇಳುವುದು ನಿಜ. ಮೂಡಿಗೆರೆಯಾಚೆಯ ಒಂದು ತೋಟದಲ್ಲಿ ನಾನೇ ಅದನ್ನು ನೋಡಿದ್ದೇನೆ. ಕಾಫಿ ಒಣಹಾಕಿದ ಕಣದ ಒಂದು ಮೂಲೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕದಲ್ಲಿ ಮಾತ್ರ ಅಲ್ಲಿ ನೆಟ್‌ವರ್ಕ್ ಸಿಗುತ್ತಿತ್ತು. ಮಾಲೀಕರು ಅಲ್ಲಿಯೇ ನಿಂತು, ಒಬ್ಬ ಛಾಯಾಗ್ರಾಹಕರ ತಾಣವನ್ನು ತೆರೆದು, ಕೈಯನ್ನು ಸ್ವಲ್ಪ ಎತ್ತರಿಸಿ ಹಿಡಿದುಕೊಂಡು ಕಾದರು. ಚಿತ್ರ ಮೇಲಿನಿಂದ ಬೆರಳಗಲದಷ್ಟು ಇಳಿದು ನಿಂತಿತು. ಆಕಾಶ ಕಂಡಿತು, ಮನೆ ಕಾಣಲಿಲ್ಲ. ಅವರು ಫೋನನ್ನು ಜೇಬಿಗೆ ಹಾಕಿಕೊಂಡರು. ಆ ಮುಖಪುಟದ ಒಂದು ಚಿತ್ರವೇ 11 ಎಂಬಿ ಇತ್ತು.

ಪುಟದ ಮುಖ್ಯ ಚಿತ್ರ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕೆಂಬುದು ಗೂಗಲ್ ಇಟ್ಟಿರುವ ಅಳತೆ. ಅದಕ್ಕಾಗಿ ನಾನು ಫೋನಿನ ಮುಖಪುಟದ ಮೊದಲ ಚಿತ್ರವನ್ನು 150 ಕೆಬಿಯೊಳಗೆ ಇಡುತ್ತೇನೆ. ಕೆಳಗಿನ ಚಿತ್ರಗಳನ್ನು ಓದುಗರು ಅಲ್ಲಿಗೆ ಬಂದಾಗ ಮಾತ್ರ ಇಳಿಸಿಕೊಳ್ಳುವ ಲೇಜಿ ಲೋಡಿಂಗ್ ವಿಧಾನ ಬಳಸಬೇಕು. ಆದರೆ ಮೊದಲ ಚಿತ್ರಕ್ಕೆ ಅದನ್ನು ಹಚ್ಚಬಾರದು, ಹಚ್ಚಿದರೆ ಅದೇ ತಡವಾಗುತ್ತದೆ. ಪ್ರತಿ ಚಿತ್ರದ ಅಗಲ, ಎತ್ತರವನ್ನು ಮೊದಲೇ ನಮೂದಿಸಿದರೆ ಜಾಗ ಕಾದಿರಿಸಿದಂತಾಗಿ, ಓದುತ್ತಿರುವಾಗ ಪುಟ ಮೇಲೆ ಕೆಳಗೆ ಜಿಗಿಯುವುದಿಲ್ಲ. ಕನ್ನಡ ಫಾಂಟಿನ ಕಡತವೂ ಭಾರವೇ. ಸಾಧಾರಣ, ದಪ್ಪ ಎಂಬಂತಹ ತೂಕಗಳು ಎರಡಕ್ಕಿಂತ ಹೆಚ್ಚು ಬೇಡ. ತಾಣ ಮುಗಿದ ಮೇಲೆ ಕಚೇರಿಯ ವೈಫೈ ಬಿಟ್ಟು, ಹಳೆಯ ಫೋನೊಂದನ್ನು ಹಿಡಿದು ಸಕಲೇಶಪುರದಾಚೆಗೆ ಹೋಗಿ ಅದನ್ನು ತೆರೆದು ನೋಡುವುದು ನನ್ನ ಕೊನೆಯ ಪರೀಕ್ಷೆ.

ಗೂಗಲ್‌ನಲ್ಲಿ ಹುಡುಕಿದರೆ ನಮ್ಮ ಸ್ಟುಡಿಯೊ ಬರೋದೇ ಇಲ್ಲ.

ಗೂಗಲ್ ಚಿತ್ರಕ್ಕಿಂತ ಮೊದಲು ಪದಗಳನ್ನು ಓದುತ್ತದೆ. ನಿಮ್ಮ ಪುಟದಲ್ಲಿ ಪದಗಳೇ ಇರುವುದಿಲ್ಲ. ಕ್ಯಾಮೆರಾ ಕೊಟ್ಟ ಡಿಎಸ್‌ಸಿ 4521 ಎಂಬಂತಹ ಕಡತದ ಹೆಸರನ್ನು ಬದಲಿಸಿ, ಪ್ರತಿ ಚಿತ್ರಕ್ಕೂ ಅದರಲ್ಲಿ ಏನಿದೆ ಎಂದು ತಿಳಿಸುವ ಪರ್ಯಾಯ ಪಠ್ಯವನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಕಣ್ಣು ಕಾಣದವರ ಯಂತ್ರ ಓದಿ ಹೇಳುವುದೂ ಅದನ್ನೇ ಆದ್ದರಿಂದ, ಹುಡುಕುಪದಗಳನ್ನು ತುರುಕದೆ ನಿಜವಾದ ವಾಕ್ಯ ಬರೆಯಿರಿ. ಊರಿನ ಹೆಸರಿನಲ್ಲಿ ಒಂದು ಸೂಕ್ಷ್ಮವಿದೆ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಚಿಕ್ಕಮಗಳೂರು ಎಂಬ ಕನ್ನಡದ ಉಚ್ಚಾರವೇ ಅಧಿಕೃತವಾಗಿದ್ದರೂ ಹೊರಗಿನವರು ಇಂದಿಗೂ ಹಳೆಯ ಕಾಗುಣಿತದಲ್ಲಿಯೇ ಹುಡುಕುತ್ತಾರೆ. ಇಂಗ್ಲಿಷ್ ಪುಟದಲ್ಲಿ ಎರಡೂ ರೂಪಗಳು ಒಂದೊಂದು ಸಲವಾದರೂ ಬರಲಿ. ಗೂಗಲ್ ನಕ್ಷೆಯಲ್ಲಿ ಸ್ಟುಡಿಯೊದ ವ್ಯವಹಾರ ಪ್ರೊಫೈಲ್ ಮಾಡಿಸುವುದು ಉಚಿತ. ಹತ್ತಿರದ ಗ್ರಾಹಕರು ಹೆಚ್ಚಾಗಿ ಅಲ್ಲಿಂದಲೇ ಬರುತ್ತಾರೆ.

## ಹಕ್ಕು, ಅನುಮತಿ, ನಿರ್ವಹಣೆ

ಫೋಟೊ ಕದೀತಾರೆ. ದೊಡ್ಡದಾಗಿ ವಾಟರ್‌ಮಾರ್ಕ್ ಹಾಕಿ.

ಮುಖದ ಮೇಲೆ ಅಡ್ಡಲಾಗಿ ಹಾದುಹೋಗುವ ವಾಟರ್‌ಮಾರ್ಕ್ ಕಳ್ಳರಿಗಿಂತ ಹೆಚ್ಚಾಗಿ ಗ್ರಾಹಕರನ್ನು ತಡೆಯುತ್ತದೆ. ಮೌಸಿನ ಬಲಗುಂಡಿ ಕೆಲಸ ಮಾಡದಂತೆ ತಡೆಯುವುದರಿಂದಲೂ ಪ್ರಯೋಜನವಿಲ್ಲ; ಸ್ಕ್ರೀನ್‌ಶಾಟನ್ನು ಯಾರೂ ತಡೆಯಲಾರರು. ನಿಮ್ಮ ನಿಜವಾದ ರಕ್ಷಣೆ, 6000 ಪಿಕ್ಸೆಲ್ಲಿನ ಮೂಲವೂ ಕ್ಯಾಮೆರಾದಿಂದ ಸಂಸ್ಕರಿಸದೆ ಬಂದ ರಾ ಕಡತವೂ ನಿಮ್ಮ ಬಳಿ ಮಾತ್ರ ಇರುವುದು. ಕಡತದೊಳಗೆ ಚಿತ್ರದ ಜತೆಯಲ್ಲೇ ಸಾಗುವ ಐಪಿಟಿಸಿ ಎಂಬ ಮಾಹಿತಿಯಲ್ಲಿ ಹೆಸರು, ಸಂಪರ್ಕ ತುಂಬಿಸಿಡಿ. ಮೂಲೆಯಲ್ಲಿ ಸಣ್ಣ ಹೆಸರಿದ್ದರೆ ಸಾಕು.

ಫೋಟೊ ತೆಗೆದವನು ನಾನು. ಮದುವೆಯವರ ಅನುಮತಿ ಯಾಕೆ ಬೇಕು?

ತೆಗೆದವರದೇ ಹಕ್ಕು ಎಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಕಾನೂನು ಹಾಗೆ ಹೇಳುವುದಿಲ್ಲ. 1957ರ ಕೃತಿಸ್ವಾಮ್ಯ ಅಧಿನಿಯಮದ 17ನೇ ಪ್ರಕರಣದ ಪ್ರಕಾರ, ಒಬ್ಬರ ಕೋರಿಕೆಯ ಮೇರೆಗೆ ಹಣ ಪಡೆದು ತೆಗೆದ ಛಾಯಾಚಿತ್ರಕ್ಕೆ, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವರೇ ಮೊದಲ ಹಕ್ಕುದಾರರು. ಅಂದರೆ ಮುಂಗಡ ಪಡೆದು ತೆಗೆದ ಮದುವೆಯ ಚಿತ್ರವನ್ನು ನಿಮ್ಮ ತಾಣದಲ್ಲಿ ಹಾಕುವುದಕ್ಕೆ ಅವರ ಒಪ್ಪಿಗೆ ಬೇಕು. ಮುಂಗಡದ ರಸೀದಿಯಲ್ಲಿಯೇ ‘ಆಯ್ದ ಚಿತ್ರಗಳನ್ನು ಛಾಯಾಗ್ರಾಹಕರು ತಮ್ಮ ಕೆಲಸದ ಮಾದರಿಯಾಗಿ ತಮ್ಮ ಜಾಲತಾಣದಲ್ಲಿ ತೋರಿಸಬಹುದು’ ಎಂಬ ಸಾಲನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ, ಪಕ್ಕದಲ್ಲಿ ‘ಒಪ್ಪಿದೆ’, ‘ಒಪ್ಪಿಲ್ಲ’ ಎಂಬ ಎರಡು ಚೌಕ ಇಟ್ಟು ಸಹಿ ಪಡೆಯಿರಿ. ಮಕ್ಕಳ ಚಿತ್ರಕ್ಕೆ ಹೆತ್ತವರನ್ನು ಪ್ರತ್ಯೇಕವಾಗಿ ಕೇಳಿ. ಸಹಿ ಮಾಡಿದವರು ಮುಂದೆಂದೋ ಕರೆ ಮಾಡಿ ತೆಗೆಯಿರಿ ಎಂದರೆ, ಕಾಗದ ತೋರಿಸುತ್ತ ಕೂರದೆ ಅಂದೇ ತೆಗೆದುಬಿಡಿ. ಮದುವೆಗಳು ಮುರಿಯುತ್ತವೆ, ಮನೆಗಳಲ್ಲಿ ಸಾವುನೋವು ಆಗುತ್ತವೆ, ಅವರು ಕಾರಣ ಹೇಳಬೇಕಾಗಿಲ್ಲ.

ಕಾಡಿನ, ದೇವಸ್ಥಾನದ, ಡ್ರೋನ್ ಚಿತ್ರ ಹಾಕುವಾಗ ಏನಾದರೂ ತೊಂದರೆ ಇದೆಯಾ?

ತಾಣದಲ್ಲಿ ಹಾಕಿದ ಚಿತ್ರ, ನೀವು ಅಲ್ಲಿ ಹೇಗೆ ಕೆಲಸ ಮಾಡಿದಿರಿ ಎಂಬುದಕ್ಕೆ ನೀವೇ ಬರೆದುಕೊಟ್ಟ ಸಾಕ್ಷಿ. ಭದ್ರಾದಂತಹ ಅಭಯಾರಣ್ಯದೊಳಗೆ ಛಾಯಾಗ್ರಹಣಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಡಿ ಅನುಮತಿ ಬೇಕು. ಪುರಾತತ್ವ ಸರ್ವೇಕ್ಷಣೆಯ ರಕ್ಷಣೆಯಲ್ಲಿರುವ ಬೇಲೂರು, ಹಳೇಬೀಡಿನಂತಹ ಕಡೆ ವೃತ್ತಿಪರ ಚಿತ್ರೀಕರಣಕ್ಕೆ ಮೊದಲೇ ಅನುಮತಿ ಪಡೆಯಬೇಕು. ಡ್ರೋನಿಗೆ 2021ರ ಡ್ರೋನ್ ನಿಯಮಗಳಿವೆ. ಗೂಡಿನಲ್ಲಿರುವ ಹಕ್ಕಿಯ ಚಿತ್ರಗಳನ್ನು ನಾನು ಯಾವ ತಾಣಕ್ಕೂ ಹಾಕುವುದಿಲ್ಲ. ಫೋನು ಮತ್ತು ಕೆಲವು ಕ್ಯಾಮೆರಾಗಳು ಚಿತ್ರದ ಎಕ್ಸಿಫ್ ಮಾಹಿತಿಯಲ್ಲಿ ಸ್ಥಳದ ನಿಖರ ಅಕ್ಷಾಂಶ, ರೇಖಾಂಶವನ್ನು ಬರೆದಿಡುತ್ತವೆ. ಅಪರೂಪದ ಪ್ರಾಣಿ ಕಂಡ ಜಾಗವಾಗಲಿ, ಗ್ರಾಹಕರ ಮನೆಯಾಗಲಿ, ಅದನ್ನು ಅಳಿಸಿಯೇ ಹಾಕಬೇಕು. ಹಕ್ಕುದಾರರ ಹೆಸರು ಮಾತ್ರ ಉಳಿಯಲಿ.

ಗ್ರಾಹಕರಿಗೆ ಫೋಟೊ ಆರಿಸೋಕೆ ಕೊಡುವ ಗ್ಯಾಲರಿನೂ ಇದರಲ್ಲೇ ಮಾಡಬಹುದಾ?

ಮಾಡಬಹುದು. ಪ್ರತಿ ಕುಟುಂಬಕ್ಕೆ ಬೇರೆ ಗುಪ್ತಪದ ಕೊಟ್ಟು, ಗೂಗಲ್ ಹುಡುಕಾಟಕ್ಕೆ ಸಿಗದಂತೆ ಮುಚ್ಚಿ, ಆಯ್ಕೆ ಮುಗಿದ ಮೂರು ತಿಂಗಳಿಗೆ ತೆಗೆಯುವ ಏರ್ಪಾಡು ಬೇಕು. ಆದರೆ ಅದನ್ನು ನಿಮ್ಮ ಚಿತ್ರಗಳ ಭಂಡಾರವೆಂದು ತಿಳಿಯಬೇಡಿ. ಮೂಲ ಚಿತ್ರಗಳ ಎರಡು ಪ್ರತಿ ಎರಡು ಹಾರ್ಡ್‌ಡಿಸ್ಕುಗಳಲ್ಲಿ, ಅವುಗಳಲ್ಲಿ ಒಂದು ಸ್ಟುಡಿಯೊದಿಂದ ಹೊರಗೆ, ಬೇರೊಂದು ಮನೆಯಲ್ಲಿ ಇರಬೇಕು.

ಎಷ್ಟು ದಿನಕ್ಕೊಮ್ಮೆ ಸೈಟ್ ಬದಲಾಯಿಸಬೇಕು?

ವರ್ಷಕ್ಕೆ ಎರಡು ಸಲ, ಆಷಾಢದಲ್ಲಿ ಮತ್ತು ಶೂನ್ಯಮಾಸದಲ್ಲಿ. ಆಗ ಮದುವೆಗಳಿರುವುದಿಲ್ಲ, ಆಷಾಢದಲ್ಲಂತೂ ಮಲೆನಾಡಿನ ಮಳೆಗೆ ಹೊರಗಿನ ಕೆಲಸವೂ ನಿಂತು ಸ್ಟುಡಿಯೊದಲ್ಲಿ ಪುರುಸೊತ್ತು ಇರುತ್ತದೆ. ಕಳೆದ ಸೀಸನ್ನಿನಿಂದ ಹತ್ತು ಹೊಸ ಚಿತ್ರಗಳನ್ನು ಆರಿಸಿ, ಹತ್ತು ಹಳೆಯವನ್ನು ತೆಗೆದು, ಒಟ್ಟು ಸಂಖ್ಯೆ ಹೆಚ್ಚದಂತೆ ನೋಡಿಕೊಳ್ಳಿ. ಅದೇ ದಿನ ದರದ ಸಾಲು, ಫೋನ್ ಸಂಖ್ಯೆ, ಡೊಮೇನ್ ನವೀಕರಣದ ದಿನಾಂಕ ಮೂರನ್ನೂ ಪರಿಶೀಲಿಸಿ. ನಾನು ಮಾಡಿಕೊಟ್ಟ ತಾಣಗಳವರಿಗೆ ಆಷಾಢದ ಎರಡನೆಯ ವಾರ ನಾನೇ ಕರೆ ಮಾಡುತ್ತೇನೆ. ಆ ಹೊತ್ತಿಗೆ ನಿಮ್ಮ ಹತ್ತು ಚಿತ್ರಗಳು ಸಿದ್ಧವಾಗಿರಲಿ.